ಮೂರನೇ ಕ್ಯಾಮೆರಾದ ಕಾಣೆಯಾದ ತುಣುಕು

ಕಾವಲುಗಾರ ಮುದುಕ ಚೀಲಕ್ಕೆ ಕೈ ಹಾಕಿ ಪುಸ್ತಕ ಎಳೆದ. ಉದ್ದನೆಯ ಪುಸ್ತಕ. ಕೆಂಪು ಬಟ್ಟೆಯ ಬೆನ್ನು. ಮೇಜಿನ ಮೇಲಿಟ್ಟು ತೆರೆದ.

"ಓದ್ಕೊಳ್ಳಿ ತಾಯಿ. ಆವತ್ತು ಹಿಂಬಾಗಿಲಿನ ಕೀ ಯಾರ ಕೈಲಿತ್ತು ಅಂತ ಇದರಲ್ಲಿದೆ."

ಎದುರಿಗೆ ಕೂತಿದ್ದ ನಿವೃತ್ತ ನ್ಯಾಯಾಧೀಶೆ ಬಗ್ಗಿ ನೋಡಿದರು.

ಹಾಲ್‌ನ ಹಿಂದುಗಡೆ ಒಬ್ಬ ಹೆಂಗಸು ಅವರಿಗಿಂತ ಮೊದಲೇ ನೋಡಿಬಿಟ್ಟಿದ್ದಳು. ವಿಚಾರಣೆಯ ವೀಡಿಯೋ ಮಾಡಲು ಬಂದವಳು. ಎಲ್ಲರೂ ಅವಳನ್ನು ಪೆಟ್ಟಿಗೆಯಕ್ಕ ಅನ್ನುತ್ತಿದ್ದರು. ಅಮ್ಮನ ಹೊಲಿಗೆ ಮಿಷನ್ನಿನ ಮರದ ಪೆಟ್ಟಿಗೆಯಲ್ಲಿ ಮಿಷನ್ ತೆಗೆದುಹಾಕಿ, ಪ್ಲೈವುಡ್ ಹಲಗೆ ಕೂರಿಸಿ, ಅದರ ಮೇಲೆ ಕ್ಯಾಮೆರಾ ಬದಲಿಸುವ ಸ್ವಿಚರ್, ಒಂದು ಚಿಕ್ಕ ಪರದೆ, ಧ್ವನಿಯ ಡಬ್ಬಿ ಎಲ್ಲವನ್ನೂ ತಾನೇ ತಿರುಪು ಹಾಕಿ ಬಿಗಿದಿದ್ದಳು. ಹಿಡಿ ಹಿಡಿದು ಹೊರಟರೆ ಆಯಿತು, ಇಡೀ ಸ್ಟುಡಿಯೋ ಒಂದು ಕೈಯಲ್ಲಿ. ಪರದೆಯಲ್ಲಿ ಮೂರು ಚೌಕ, ಮೂರು ಕ್ಯಾಮೆರಾ. ಒಂದನೆಯದು ಇಡೀ ಹಾಲ್, ಅದು ಅವಳ ಪಕ್ಕದಲ್ಲೇ ನಿಂತಿತ್ತು. ಎರಡನೆಯದು ನ್ಯಾಯಾಧೀಶೆ. ಮೂರನೆಯದು ಸಾಕ್ಷಿಯ ಮೇಜು, ಅದರ ಹಿಂದೆ ಅವಳ ತಮ್ಮ.

ಆ ಮೂರನೇ ಚೌಕದಲ್ಲಿ ಪುಸ್ತಕದ ಹಾಳೆ ಬೆಳ್ಳಗಿತ್ತು. ಒಂದು ಗೀಟು ಕೂಡ ಇರಲಿಲ್ಲ.

ಮುದುಕನಿಗೆ ಅದು ಕಾಣುವಂತಿರಲಿಲ್ಲ. ಒಂದು ವರ್ಷದ ಹಿಂದೆ ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದಾಗ ಹೊಗೆಯಲ್ಲಿ ಅವನ ಕಣ್ಣು ಹೋಗಿತ್ತು. ಆದರೆ ಹಾಳೆಯ ಮೇಲೆ ಬೆರಳಾಡಿಸಿದವನೇ ಗಕ್ಕನೆ ನಿಂತ. ಅವನು ಒತ್ತಿ ಬರೆಯುವವನು. ಅಕ್ಷರ ಕೈಗೆ ಸಿಗಬೇಕಿತ್ತು.

"ಇದು ನನ್ನ ಪುಸ್ತಕ ಅಲ್ಲ," ಎಂದು ಪಕ್ಕದಲ್ಲಿದ್ದ ಮಗಳ ಕೈ ಹಿಡಿದ. "ಯಾರೋ ಬದಲಾಯಿಸಿದಾರೆ! ಮಗಳೇ, ನನ್ನ ಪುಸ್ತಕ!"

ಹಾಲ್‌ನಲ್ಲಿ ಗದ್ದಲ ಎದ್ದಿತು. ಪೆಟ್ಟಿಗೆಯಕ್ಕ ವಾಕಿಟಾಕಿ ಒತ್ತಿ "ಕಟ್, ಎಲ್ಲರೂ ಕಟ್" ಎಂದಳು. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಬಾಗಿಲಿಗೆ ಓಡಿದ್ದ. ಮೆಟ್ಟಿಲ ಬಾಯಿಯ ಕಬ್ಬಿಣದ ಶಟರ್ ಧಡಾರನೆ ಕೆಳಗೆ ಬಿತ್ತು.

"ಒಬ್ಬರೂ ಜಾಗ ಬಿಟ್ಟು ಅಲ್ಲಾಡಬೇಡಿ! ಇರುವೆ ಹೊರಗೆ ಹೋಗಬೇಕಿದ್ದರೂ ನನ್ನ ಕೇಳಿ ಹೋಗಬೇಕು."

* * *

ಮೂರನೇ ಮಹಡಿ. ನಲವತ್ತು ಜನ. ಕಿಟಕಿಗಳಿಗೆ ಬಣ್ಣ ಬಳಿದು ಬಳಿದು ಅವು ಚೌಕಟ್ಟಿಗೇ ಅಂಟಿಕೊಂಡಿದ್ದವು. ಫ್ಯಾನ್‌ಗಳನ್ನು ಬೆಳಗ್ಗೆಯೇ ಪೆಟ್ಟಿಗೆಯಕ್ಕ ನಿಲ್ಲಿಸಿದ್ದಳು. ಗರಗರ ಸದ್ದು ಮೈಕಿಗೆ ಬರುತ್ತದೆಂದು. ಈಗ ಯಾರಿಗೂ ಅವನ್ನು ಹಾಕುವುದು ನೆನಪಾಗಲಿಲ್ಲ. ಬೆನ್ನಿಗೆ ಅಂಗಿ ಅಂಟಿತ್ತು. ಉಸಿರು ಎಳೆದರೆ ಪಕ್ಕದವನ ಬೆವರೇ ಮೂಗಿಗೆ.

ಎಲ್ಲರಿಗೂ ಗೊತ್ತಿದ್ದ ಸಂಗತಿ ಇಷ್ಟು. ಬೆಂಕಿ ಮುಂಬಾಗಿಲ ಕಡೆಯಿಂದ ಬಂತು. ಒಳಗಿದ್ದವರು ಹಿಂಬಾಗಿಲಿಗೆ ಓಡಿದರು. ಹಿಂಬಾಗಿಲಿಗೆ ಬೀಗ. ಹನ್ನೊಂದು ಹೆಂಗಸರು ಅಲ್ಲೇ ಸುಟ್ಟುಹೋದರು. ಬೀಗ ಹಾಕಿದವನು ಕಾವಲುಗಾರ ಎಂದು ಮಾಲೀಕ ಹೇಳಿದ. ತಾನು ಕೀ ಇನ್ನೊಬ್ಬನಿಗೆ ಕೊಟ್ಟೆ, ಕೀ ಪುಸ್ತಕದಲ್ಲಿ ಅವನ ಸಹಿ ಇದೆ ಎಂದು ಮುದುಕ ಹೇಳಿದ. ಯಾರೂ ನಂಬಲಿಲ್ಲ. ಹೊಗೆಯೊಳಗಿಂದ ಕಂಕುಳಲ್ಲಿ ಇಟ್ಟುಕೊಂಡು ತಂದಿದ್ದ ಆ ಪುಸ್ತಕವನ್ನು ಅವನು ಪೊಲೀಸರ ಕೈಗೂ ಕೊಡಲಿಲ್ಲ. "ಕ್ಯಾಮೆರಾ ಮುಂದೆ, ಎಲ್ಲರ ಕಣ್ಣೆದುರು ತೆಗೀತೀನಿ" ಎಂದು ಹಟ ಹಿಡಿದ. ಅದಕ್ಕೇ ಇವತ್ತಿನ ಮೂರು ಕ್ಯಾಮೆರಾ.

ಪುಸ್ತಕ ಹೋದದ್ದು ಬಿಡುವಿನ ಹೊತ್ತಿನಲ್ಲಿ. ಜನ ಚಹಾಕ್ಕೆಂದು ಹೊರಗಿನ ಮೊಗಸಾಲೆಗೆ ಹೋಗಿದ್ದರು. ಮುದುಕ ಮಗಳ ಕೈ ಹಿಡಿದು ಶೌಚಾಲಯಕ್ಕೆ ಹೋಗಿ ಬಂದಿದ್ದ. ಐದು ನಿಮಿಷ ಚೀಲ ಮೇಜಿನ ಮೇಲೆ ಒಂಟಿಯಾಗಿತ್ತು.

ಇನ್‌ಸ್ಪೆಕ್ಟರ್ ಮೊದಲು ಮಾಲೀಕರ ವಕೀಲನ ಮೇಲೆ ಬಿದ್ದ. ವಕೀಲನ ಕಂಕುಳಲ್ಲೊಂದು ಕೆಂಪು ಬೆನ್ನಿನ ಪುಸ್ತಕ!

"ತೆಗೀರಿ ಅದನ್ನ."

"ಇದು ನನ್ನ ಡೈರಿ ಸ್ವಾಮಿ. ಸೊಂಟನೋವಿಗೆ ಯಾವ ಯಾವ ಔಷಧಿ ತಗೊಂಡೆ ಅಂತ ಬರ್ಕೊಂಡಿದೀನಿ. ಗಟ್ಟಿಯಾಗಿ ಓದಲೇ?"

ಹಿಂದೆ ಯಾರೋ ಕಿಸಕ್ಕೆಂದರು. ವಕೀಲ ಕೆಂಪಾದ. ಇನ್‌ಸ್ಪೆಕ್ಟರ್ ಇನ್ನೂ ಕೆಂಪಾದ.

ಅವಮಾನ ತೀರಿಸಿಕೊಳ್ಳಲು ವಕೀಲ ಎರಡನೇ ಕ್ಯಾಮೆರಾದವನ ಕಡೆ ಬೆರಳು ಚಾಚಿದ. "ಈ ದಪ್ಪ ಕನ್ನಡಕದವನು ಬಿಡುವಿಗೆ ಮೊದಲು ಆ ಮೇಜಿನ ಹತ್ತಿರ ಬಗ್ಗಿದ್ದ. ಅವನ ಹೊಟ್ಟೆ ನೋಡಿ, ಬೆಳಗ್ಗೆ ಅಷ್ಟಿರಲಿಲ್ಲ."

ಅವನನ್ನು ಎಲ್ಲರೂ ಚಶ್ಮ ಅನ್ನುತ್ತಿದ್ದರು. ಚಶ್ಮ ಅಂಗಿ ಎತ್ತಿದ. ಒಳಗಿಂದ ಬಿಸ್ಕತ್ತಿನ ನಾಲ್ಕು ಪೊಟ್ಟಣ ಬಿದ್ದವು.

"ಮೈಕಿನ ಬ್ಯಾಟರಿ ಬದಲಿಸೋಕೆ ಬಗ್ಗಿದ್ದೆ ಸಾರ್. ಬಿಸ್ಕತ್ತು ಮಾತ್ರ... ಅದು ಚಹಾದ ಮೇಜಿಂದ. ಒಪ್ಕೋತೀನಿ."

"ಥೂ ನಿನ್ನ ಹೊಟ್ಟೆಗಿಷ್ಟು," ಎಂದಳು ಪೆಟ್ಟಿಗೆಯಕ್ಕ. "ಮಾನ ಕಳೀತೀಯಲ್ಲೋ!"

ನಲವತ್ತು ಜನರ ಚೀಲ, ಜೇಬು, ಕುರ್ಚಿಯ ಅಡಿ, ಪರದೆಯ ಹಿಂದೆ, ಕಸದ ಬುಟ್ಟಿ. ಏನೂ ಸಿಗಲಿಲ್ಲ. ಕೊನೆಗೆ ಇನ್‌ಸ್ಪೆಕ್ಟರ್ ಕರವಸ್ತ್ರದಲ್ಲಿ ಕತ್ತು ಒರೆಸಿಕೊಂಡು ಮುದುಕನ ಮುಂದೆ ನಿಂತ.

"ಸಾಕು ಆಟ. ಪುಸ್ತಕ ಅನ್ನೋದೇ ಇರಲಿಲ್ಲ. ಖಾಲಿ ಪುಸ್ತಕ ತಂದಿದ್ದು ನೀನೇ."

"ಸುಳ್ಳು ಹೇಳಿ ನನಗೇನು ಸಿಗುತ್ತೆ ಸ್ವಾಮಿ? ಇವತ್ತು ತೋರಿಸಲಿಲ್ಲ ಅಂದ್ರೆ ಜೈಲಿಗೆ ಹೋಗೋನು ನಾನೇ."

"ಹನ್ನೆರಡು ಗಂಟೆವರೆಗೆ ನೋಡ್ತೀನಿ. ಆಮೇಲೆ ಹನ್ನೊಂದು ಹೆಂಗಸರ ಸಾವಿಗೂ ನೀನೇ ಉತ್ತರ ಹೇಳಬೇಕು."

ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಮುದುಕನ ಮಗಳು ನೆಲಕ್ಕೆ ಕುಸಿದಳು. ಅತ್ತಿದ್ದರೆ ಪೆಟ್ಟಿಗೆಯಕ್ಕ ತಡೆದುಕೊಳ್ಳುತ್ತಿದ್ದಳೇನೋ. ಆ ಹುಡುಗಿ ಅಳಲಿಲ್ಲ. ಶಟರ್ ಕಡೆ ಸುಮ್ಮನೆ ನೋಡುತ್ತಾ ಕೂತಳು.

ಪೆಟ್ಟಿಗೆಯಕ್ಕನ ತಲೆ ಕೆಟ್ಟಿತು. "ಸಾರ್, ಕಣ್ಣಿಲ್ಲದವನ ಮೇಲೆ ಜೋರು ಮಾಡೋದು ಯಾರಿಗೂ ಬರುತ್ತೆ! ಮೂರು ಕ್ಯಾಮೆರಾ ಇದೆ ಇಲ್ಲಿ. ಅದನ್ನ ನೋಡಿದ್ರಾ?"

"ಬಿಡುವಿನಲ್ಲಿ ಕ್ಯಾಮೆರಾ ನಿಲ್ಲಿಸಿದ್ವಿ ಅಂತ ನಿನ್ನ ತಮ್ಮನೇ ಹೇಳಿದ್ನಲ್ಲಮ್ಮ."

"ಹೇಳಿದ್ದು ಬೇರೆ, ನೋಡೋದು ಬೇರೆ. ಕಾರ್ಡುಗಳನ್ನ ನನಗೆ ಕೊಡಿ."

* * *

ಅವಳು ಮೂರೂ ಕ್ಯಾಮೆರಾಗಳ ಕಾರ್ಡು ತೆಗೆದು ಲ್ಯಾಪ್‌ಟಾಪ್ ಮುಂದೆ ಕೂತಳು. ಇನ್‌ಸ್ಪೆಕ್ಟರ್ ಭುಜದ ಮೇಲೆ ಉಸಿರು ಬಿಡುತ್ತಾ ನಿಂತ.

"ಇದೇನಿದು, ಎಲ್ಲದರಲ್ಲೂ ಮೊದಲು ಬೆರಳು ತೋರಿಸ್ತಾರೆ?"

"ನನ್ನ ಕಾನೂನು. ಕ್ಯಾಮೆರಾ ಕೊಡೋ ನಂಬರು ನಂಬಿ ಒಂದು ಸಲ ಇಡೀ ಕಾರ್ಯಕ್ರಮ ಹಿಂದುಮುಂದಾಯ್ತು. ಅವತ್ತಿಂದ, ರೆಕಾರ್ಡ್ ಒತ್ತಿದ ತಕ್ಷಣ ಲೆನ್ಸ್ ಮುಂದೆ ಬೆರಳು. ಮೊದಲನೇ ತುಣುಕಿಗೆ ಒಂದು, ಎರಡನೆಯದಕ್ಕೆ ಎರಡು. ಅವನವನ ಕಾರ್ಡಿಗೆ ಅವನವನ ಲೆಕ್ಕ. ಪಕ್ಕದವನದು ಎಷ್ಟು ಅಂತ ಕೇಳೋ ಹಾಗಿಲ್ಲ."

ಒಂದನೇ ಕ್ಯಾಮೆರಾ ಅವಳದೇ. ಒಂದು ಬೆರಳು, ಬೆಳಗಿನ ಕಲಾಪ. ಎರಡು ಬೆರಳು, ಹತ್ತು ಸೆಕೆಂಡಿನ ಚೂರು. ಮೂರು ಬೆರಳು, ಮುದುಕ ಪುಸ್ತಕ ತೆಗೆದದ್ದು.

"ಆ ಚೂರು ಏನು?"

"ಬಿಡುವು ಮುಗಿಯೋ ಮೊದಲೇ ಗುಮಾಸ್ತ ಬಂದು ಶುರು ಅಂದ. ಎಲ್ಲರೂ ರೆಕಾರ್ಡ್ ಒತ್ತಲಿ ಅಂತ ರೋಲ್ ಅಂದೆ. ನೋಡಿದ್ರೆ ಮೇಡಂ ಕುರ್ಚಿ ಖಾಲಿ, ಫೋನಿಗೆ ಹೊರಗೆ ಹೋಗಿದ್ರು. ಕಟ್ ಅಂದು, ಗುಮಾಸ್ತನಿಗೆ ಬೈಯೋಕೆ ಎದ್ದು ಹೋದೆ."

ಎರಡನೇ ಕ್ಯಾಮೆರಾ. ಚಶ್ಮನ ದಪ್ಪ ಬೆರಳುಗಳು. ಬೆಳಗ್ಗೆ ನಡುವೆ ಬ್ಯಾಟರಿ ಬದಲಿಸಿದ್ದರಿಂದ ಅವನ ಲೆಕ್ಕ ಒಂದು ಹೆಚ್ಚು. ಒಂದು. ಎರಡು. ಹತ್ತು ಸೆಕೆಂಡಿನ ಚೂರಿಗೆ ಮೂರು. ಕೊನೆಗೆ ನಾಲ್ಕು. ಸರಿಯಿತ್ತು.

ಮೂರನೇ ಕಾರ್ಡು ಹಾಕಿದಳು. ಎರಡೇ ತುಣುಕು ಇದ್ದವು. ಮೊದಲನೆಯದು ತೆರೆದಳು. ಉದ್ದನೆಯ ತೆಳು ಬೆರಳು. ಒಂದು.

ಎರಡನೆಯದು ತೆರೆದಳು. ಅದೇ ಬೆರಳುಗಳು. ಮೂರು.

ಪೆಟ್ಟಿಗೆಯಕ್ಕ ಅದನ್ನು ಮತ್ತೊಮ್ಮೆ ಮೊದಲಿಂದ ಓಡಿಸಿದಳು. ಆ ಬೆರಳುಗಳನ್ನು ಹಿಡಿದು ಅಕ್ಷರ ತಿದ್ದಿಸಿದವಳು ಅವಳೇ.

"ಏನಾಯ್ತಮ್ಮ?" ಎಂದ ಇನ್‌ಸ್ಪೆಕ್ಟರ್.

"ಸ್ವಲ್ಪ ತಡೀರಿ."

ಎದ್ದು ಮುದುಕನ ಹತ್ತಿರ ಹೋದಳು. ಅವನ ಮುಂದೆ ಕೂತು ತಗ್ಗಿದ ದನಿಯಲ್ಲಿ ಕೇಳಿದಳು.

"ಅಜ್ಜಾ, ನಿನ್ನ ಪುಸ್ತಕ ಕೆಂಪು ಬೆನ್ನಿನದು, ಇಷ್ಟುದ್ದ ಅಂತ ಯಾರಿಗೆಲ್ಲ ಗೊತ್ತಿತ್ತು?"

"ಯಾರಿಗೂ ಇಲ್ಲ ತಾಯಿ. ಮನೇಲಿ ಅಕ್ಕಿ ಡಬ್ಬದಲ್ಲಿ ಮುಚ್ಚಿಟ್ಟಿದ್ದೆ. ಕಾರ್ಖಾನೆ ಗೇಟಿನಲ್ಲಿ ನೋಡಿದವರಿಗೆ ಗೊತ್ತು. ಅದರಲ್ಲಿ ಸಹಿ ಹಾಕಿದವರಿಗೆ ಗೊತ್ತು."

"ಆವತ್ತು ಕೀ ತಗೊಂಡವನು ಯಾರು?"

"ಹೊರಗಿನವನು. ಮೇಸ್ತ್ರಿ ಕರೆಸಿದ್ದ. ಪಾಪ, ಮೇಸ್ತ್ರಿನೂ ಬದುಕಲಿಲ್ಲ. ಹುಡುಗ ದೊಡ್ಡ ಚೀಲ ಹೊತ್ತಿದ್ದ. ಒಳಗೆ ಕೆಲಸ ನಡೀವಾಗ ಯಾರೂ ನುಗ್ಗಬಾರದು, ಬೀಗ ಹಾಕಿ ಕೀ ನನ್ನ ಜೇಬಲ್ಲೇ ಇಟ್ಕೋತೀನಿ ಅಂದ."

ಯಾರೂ ನುಗ್ಗಬಾರದು. ಬೀಗ ಹಾಕು, ಕೀ ನಿನ್ನ ಜೇಬಲ್ಲೇ ಇಟ್ಕೋ, ಇಲ್ದಿದ್ರೆ ಯಾವನೋ ಮೂರ್ಖ ಬಾಗಿಲು ತೆಗೆದು ಶಾಟ್ ಕೆಡಿಸ್ತಾನೆ. ಹದಿನೈದು ವರ್ಷದಿಂದ ಅವಳು ತನ್ನ ಹುಡುಗರಿಗೆ ಹೇಳಿಕೊಟ್ಟ ಮಾತು. ಒಂದಕ್ಷರ ಆಚೀಚೆ ಇರಲಿಲ್ಲ.

* * *

ತಮ್ಮ ಮೂರನೇ ಕ್ಯಾಮೆರಾದ ಸ್ಟ್ಯಾಂಡ್ ಹಿಡಿದು ನಿಂತಿದ್ದ. ಯಾವಾಗಲೂ ಎರಡನೇ ಕ್ಯಾಮೆರಾ ಹಿಡಿಯುವವನು. ಇವತ್ತು ಬೆಳಗ್ಗೆ ಚಶ್ಮನನ್ನು ಆಚೆ ತಳ್ಳಿ ಮೂರನೆಯದು ಕೇಳಿ ತಗೊಂಡಿದ್ದ. ಅದೂ ಈಗ ನೆನಪಾಯಿತು.

ಅವನನ್ನು ವೇದಿಕೆಯ ಪಕ್ಕದ ಸಾಮಾನಿನ ಕೋಣೆಗೆ ಎಳೆದುಕೊಂಡು ಹೋದಳು. ಕೈಯಲ್ಲಿ ಪೆಟ್ಟಿಗೆ. ಮುರಿದ ಕುರ್ಚಿಗಳ ನಡುವೆ ಇಬ್ಬರು ನಿಲ್ಲುವಷ್ಟೇ ಜಾಗ. ಕಿಟಕಿ ಇರಲಿಲ್ಲ.

"ಎರಡನೇ ತುಣುಕು ಎಲ್ಲೋ?"

"ಯಾವ ಎರಡನೇದು? ನಾನು ಸುಳ್ಳು ಶುರುವಿನಲ್ಲಿ ಒತ್ತಲೇ ಇಲ್ಲ ಅಕ್ಕಾ."

"ಒತ್ತಿರದಿದ್ರೆ ಆಮೇಲಿನದಕ್ಕೆ ಎರಡು ಬೆರಳು ತೋರಿಸಬೇಕಿತ್ತು. ಮೂರು ಯಾಕೆ ತೋರಿಸಿದೆ?"

ಅವನು ತನ್ನ ಬೆರಳುಗಳನ್ನೇ ನೋಡಿಕೊಂಡ.

ಪೆಟ್ಟಿಗೆಯಲ್ಲಿ ಹಲಗೆಯ ಅಡಿಗೆ ಟೊಳ್ಳು ಜಾಗವಿತ್ತು. ಹಿಂದೆ ಮಿಷನ್ನಿನ ತಳ ಕೂರುತ್ತಿದ್ದ ಜಾಗ. ಮೂಲೆಯ ಎರಡು ತಿರುಪು ಕೈಯಲ್ಲೇ ಬಿಚ್ಚಬಹುದು, ಹಲಗೆ ಮೇಲೇಳುತ್ತದೆ. ಅದು ಗೊತ್ತಿದ್ದದ್ದು ಪ್ರಪಂಚದಲ್ಲಿ ಇಬ್ಬರಿಗೆ. ಪೊಲೀಸರು ಪೆಟ್ಟಿಗೆ ತೆರೆದು ನೋಡಿದ್ದರು, ವೈರು ಗುಂಡಿ ಕಂಡು ಮುಚ್ಚಿದ್ದರು.

ಅವಳು ತಿರುಪು ಬಿಚ್ಚಿದಳು. ಹಲಗೆ ಎತ್ತಿದಳು.

ಕೆಂಪು ಬೆನ್ನಿನ ಪುಸ್ತಕ. ಅಂಚು ಕರಕಲಾಗಿತ್ತು. ಅದರ ಪಕ್ಕದಲ್ಲಿ, ಬಟ್ಟೆಯ ಚೂರಿನಲ್ಲಿ ಸುತ್ತಿದ್ದ ಒಂದು ಕೀ. ಕೀಗೆ ಕಟ್ಟಿದ್ದ ತಗಡಿನ ಬಿಲ್ಲೆಯ ಮೇಲೆ ಮೊಳೆಯಲ್ಲಿ ಕೊರೆದ ಅಕ್ಷರ: ಹಿಂಬಾಗಿಲು.

ಒಂದು ವರ್ಷ. ಅವಳು ಆ ಪೆಟ್ಟಿಗೆ ಹೊತ್ತು ಎಷ್ಟು ಮೆಟ್ಟಿಲು ಹತ್ತಿದ್ದಳೋ. ಅದರ ಮುಂದೆ ಕೂತು ಎಷ್ಟು ಸಲ ನಕ್ಕಿದ್ದಳೋ.

"ಸ್ಕೂಲಿನ ಕಾರ್ಯಕ್ರಮ ಅಂದಿದ್ಯಲ್ಲೋ," ಎಂದಳು. "ನಾನು ಜ್ವರ ಬಂದು ಮಲಗಿದ್ದ ದಿನ. ಸ್ಕೂಲಿಗೆ ಹೋಗಿದ್ದೆ ಅಂದಿದ್ಯಲ್ಲೋ."

"ಮೇಸ್ತ್ರಿ ಕಾರ್ಖಾನೆಯ ವೀಡಿಯೋ ಬೇಕು ಅಂದ. ನಿನಗೆ ಹೇಳದೆ ಒಬ್ಬನೇ ಮಾಡಿ ತೋರಿಸೋಣ ಅಂತ ಹೋದೆ. ಹಿಂಬಾಗಿಲಿಂದ ಹೆಂಗಸರು ಬಂದು ಬಂದು ಹೋಗ್ತಿದ್ರು. ಬೀಗ ಹಾಕಿದೆ. ಮುಗಿಸಿ ಮುಂಬಾಗಿಲಿಂದ ಹೊರಟೆ. ಕೀ ಜೇಬಲ್ಲೇ ಇತ್ತು ಅಕ್ಕಾ. ಮರೆತೇ ಹೋಗಿತ್ತು. ಮನೆಗೆ ಬಂದ್ಮೇಲೆ ಸುದ್ದಿ..."

ಅವನು ಗೋಡೆಗೆ ಒರಗಿ ಕೆಳಕ್ಕೆ ಜಾರಿದ. "ಎಸೆಯೋಕೆ ಹೋದಾಗಲೆಲ್ಲ ಯಾರೋ ನೋಡ್ತಿದಾರೆ ಅನ್ನಿಸ್ತಿತ್ತು. ಆ ಬೀಗದೊಳಗೆ ನಾನೂ ಇದೀನಿ ಅಕ್ಕಾ. ಒಂದು ವರ್ಷದಿಂದ ಬಾಗಿಲು ಬಡೀತಾ ಇದೀನಿ."

"ಬಾಯಿ ಮುಚ್ಚು! ಬಾಗಿಲು ಬಡಿದವರು ಬೇರೆ."

ಅವನು ಅವಳ ಕಾಲು ಹಿಡಿದುಕೊಂಡ. "ಕಾರ್ಡ್ ಫಾರ್ಮ್ಯಾಟ್ ಮಾಡಿ ಮೇಲೆ ಏನಾದ್ರೂ ರೆಕಾರ್ಡ್ ಮಾಡ್ಬಿಡು. ಪುಸ್ತಕ ಒಳಗೇ ಇರಲಿ. ಸಂಜೆ ಪೆಟ್ಟಿಗೆ ಎತ್ಕೊಂಡು ಮನೆಗೆ ಹೋಗೋಣ. ನಿನ್ನ ಪೆಟ್ಟಿಗೆ ಯಾರು ನೋಡ್ತಾರೆ? ನಾನು ನಿನ್ನ ತಮ್ಮ ಅಲ್ವಾ? ಅಮ್ಮ ಸಾಯೋವಾಗ ನನ್ನ ಕೈನ ನಿನ್ನ ಕೈಲಿ ಇಟ್ಟಿದ್ದು ಮರೆತ್ಯಾ?"

ಹೊರಗಿನಿಂದ ಇನ್‌ಸ್ಪೆಕ್ಟರನ ದನಿ ಬಂತು. "ಹನ್ನೆರಡಾಗೋಕೆ ಐದು ನಿಮಿಷ. ಏಳಯ್ಯ ಮುದುಕಪ್ಪ, ಹೊರಡೋಣ."

ಈ ಬಾಗಿಲಿಂದ ಹೊರಗೆ ಹೋದರೆ ತಮ್ಮ ಹೋಗುತ್ತಾನೆ. ಹೋಗದಿದ್ದರೆ ಆ ಕುರುಡು ಮುದುಕ ಹೋಗುತ್ತಾನೆ. ಮೂರನೇ ಬಾಗಿಲು ಇರಲಿಲ್ಲ.

"ಬೀಗ ಹಾಕಿದ್ದು ತಪ್ಪು," ಎಂದಳು. "ಆ ತಪ್ಪಲ್ಲಿ ಅರ್ಧ ನನ್ನದು, ಕಲಿಸಿದವಳು ನಾನು. ಎಲ್ಲಿ ಬೇಕಾದ್ರೂ ಹೇಳ್ತೀನಿ. ಆದರೆ ಆ ಮುದುಕ ವರ್ಷಪೂರ್ತಿ ನಿನ್ನ ಬದಲು ಉಗಿಸಿಕೊಂಡನಲ್ಲ, ಅದನ್ನ ನಾನು ಕಲಿಸಿಲ್ಲ ಕಣೋ."

ಕಾಲು ಬಿಡಿಸಿಕೊಂಡಳು.

* * *

ಪುಸ್ತಕ ಮತ್ತು ಕೀ ನ್ಯಾಯಾಧೀಶೆಯ ಮೇಜಿನ ಮೇಲೆ ಬಿದ್ದಾಗ ಹಾಲ್‌ನಲ್ಲಿದ್ದವರು ಕುರ್ಚಿಯಿಂದೆದ್ದು ಇಣುಕಿದರು.

"ಎಲ್ಲಿತ್ತು?" ಎಂದ ಇನ್‌ಸ್ಪೆಕ್ಟರ್.

"ನನ್ನ ಪೆಟ್ಟಿಗೆಯಲ್ಲಿ. ಮೊದಲು ಕೇಳಿ, ಆಮೇಲೆ ಕೈಗೆ ಬೇಡಿ ಹಾಕೋದಿದ್ರೆ ಹಾಕಿ." ಅವಳು ನಿಂತೇ ಹೇಳಿದಳು. ಎಲ್ಲಿಯೂ ತಡೆಯಲಿಲ್ಲ. ತಡೆದರೆ ಮತ್ತೆ ಮುಂದೆ ಹೋಗಲಾರೆ ಎಂದು ಅವಳಿಗೆ ಗೊತ್ತಿತ್ತು.

"ಕದ್ದವನು ಪುಸ್ತಕವನ್ನ ಮೊದಲೇ ನೋಡಿದ್ದ. ಇಲ್ದಿದ್ರೆ ಅದೇ ಅಳತೆ, ಅದೇ ಕೆಂಪು ಬೆನ್ನಿನದು ಕೊಂಡು ತರೋಕಾಗ್ತಿರಲಿಲ್ಲ. ಅಂದ್ರೆ ಅದರಲ್ಲಿ ಸಹಿ ಹಾಕಿದವರಲ್ಲಿ ಒಬ್ಬ. ಎರಡನೇದು, ಹಾಲ್‌ನಲ್ಲಿ ನಾಲ್ಕೈದು ಜನ ಇದ್ದರೂ ಯಾರಿಗೂ ಅವನ ಮೇಲೆ ಅನುಮಾನ ಬರಲಿಲ್ಲ. ಸಾಕ್ಷಿ ಮೇಜಿನ ಮೇಲೆ ಯಾರು ಕೈ ಆಡಿಸಿದ್ರೂ ನೀವು ಕೇಳ್ತೀರಿ. ವೀಡಿಯೋದವರು ಆಡಿಸಿದ್ರೆ ಮೈಕ್ ಸರಿಮಾಡ್ತಿದಾರೆ ಅಂದ್ಕೋತೀರಿ. ನಾವು ನಿಮ್ಮ ಕಣ್ಣಿಗೆ ಬೀಳೋದೇ ಇಲ್ಲ."

"ಚಶ್ಮನೂ ವೀಡಿಯೋದವನೇ," ಎಂದ ವಕೀಲ.

"ಅವನ ಬೆರಳಿನ ಲೆಕ್ಕ ಸರಿಯಿದೆ. ಮೂರನೇ ಕ್ಯಾಮೆರಾದಲ್ಲಿ ಒಂದಾದ ಮೇಲೆ ಮೂರು ಇದೆ. ಎರಡು ಇತ್ತು, ಅಳಿಸಿದಾರೆ. ಮುದುಕ ಎದ್ದು ಹೋದದ್ದು ನೋಡಿ, ಇದೇ ಸಮಯ ಅಂತ ಇವನು ಕಿವಿಯಿಂದ ವಾಕಿಟಾಕಿಯ ವೈರು ಕಿತ್ತು ಓಡಿದಾನೆ. ನಾನು ಕಟ್ ಅಂದದ್ದು ಕೇಳಿಸಿಲ್ಲ. ಕ್ಯಾಮೆರಾ ಓಡ್ತಾನೇ ಇತ್ತು. ಮಾತಾಡೋರು ಕೆಂಪು ದೀಪ ನೋಡಿ ಹೆದರ್ತಾರೆ ಅಂತ ಮುಂದಿನ ದೀಪಕ್ಕೆ ಕಪ್ಪು ಟೇಪ್ ಅಂಟಿಸಿರ್ತೀವಿ. ಪುಸ್ತಕ ಹಿಡ್ಕೊಂಡು ಅದರ ಮುಂದೆಯೇ ನಡೆದಿದಾನೆ, ದೀಪ ಕಾಣಲಿಲ್ಲ. ವಾಪಸ್ ಬಂದು ಕ್ಯಾಮೆರಾ ಓಡ್ತಿರೋದು ನೋಡಿ ನಿಲ್ಲಿಸಿದ, ಅಷ್ಟರಲ್ಲಿ ಕಲಾಪ ಶುರುವಾಯ್ತು, ಅಭ್ಯಾಸಕ್ಕೆ ಮೂರು ಬೆರಳು ತೋರಿಸಿದ, ಶಟರ್ ಬಿದ್ದ ಮೇಲೆ ಗಾಬರಿಯಾಗಿ ಅಳಿಸಿದ."

"ಅಳಿಸಿದ ಮೇಲೆ ಸಾಕ್ಷಿ ಎಲ್ಲಿಂದ ಬಂತು?"

"ಅಳಿಸಿದ್ರೆ ಪಟ್ಟಿಯಿಂದ ತುಣುಕಿನ ಹೆಸರು ಮಾತ್ರ ಹೋಗುತ್ತೆ. ಮೇಲೆ ಬೇರೆ ತುಂಬೋವರೆಗೆ ಚಿತ್ರ ಕಾರ್ಡಲ್ಲೇ ಇರುತ್ತೆ. ಆಮೇಲೆ ಯಾರೂ ರೆಕಾರ್ಡ್ ಒತ್ತಿಲ್ಲ."

ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದನ್ನು ಎತ್ತುವ ಪ್ರೋಗ್ರಾಂ ಓಡಿಸಿದಳು. ಆರು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದ, ಎರಡೂ ಪಕ್ಕ ಪೊಲೀಸರು. ಅವಳು ಅವನ ಕಡೆ ತಿರುಗಲಿಲ್ಲ.

ಪರದೆಯಲ್ಲಿ ಚಿತ್ರ ಎದ್ದಿತು. ಎರಡು ಬೆರಳು. ಮುದುಕ ಮಗಳ ಕೈ ಹಿಡಿದು ಎದ್ದ. ಒಂದು ಬೆನ್ನು ಅಡ್ಡ ಬಂತು. ಚೀಲದೊಳಗೆ ಕೈ ಹೋಯಿತು, ಬಂತು, ಮತ್ತೆ ಹೋಯಿತು. ಬೆನ್ನು ತಿರುಗಿತು. ತಮ್ಮನ ಮುಖ ಚೌಕದ ತುಂಬ ನಿಂತಿತು. ಗಮನವಿಟ್ಟು ಕೆಲಸ ಮಾಡುವಾಗ ಅವನು ಚಿಕ್ಕಂದಿನಿಂದಲೂ ಹಾಗೇ ತುಟಿ ಕಚ್ಚುತ್ತಿದ್ದ.

ಇನ್‌ಸ್ಪೆಕ್ಟರ್ ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡ. "ನಿನ್ನ ತಮ್ಮ ಅಲ್ವೇನಮ್ಮ?"

"ಹೌದು ಸಾರ್. ನನ್ನ ತಮ್ಮನೇ."

ತಮ್ಮನನ್ನು ಕರೆದುಕೊಂಡು ಹೊರಟರು. ಶಟರ್ ಕಿರುಗುಟ್ಟುತ್ತಾ ಮೇಲೆದ್ದಿತು. ತಣ್ಣನೆಯ ಗಾಳಿ ಒಳಗೆ ನುಗ್ಗಿತು. ಜನ ಉಸಿರು ಬಿಟ್ಟರು. ಅವಳೊಬ್ಬಳಿಗೆ ಎದೆ ಹಗುರಾಗಲಿಲ್ಲ.

ನ್ಯಾಯಾಧೀಶೆ ಮೆಲ್ಲಗೆ ಕೇಳಿದರು. "ಕಲಾಪ ಮುಂದುವರಿಸಬಹುದಾ? ನಿನ್ನ ಕೈಲಿ ಆಗುತ್ತೇನಮ್ಮ?"

ಅವಳು ತಲೆಯಾಡಿಸಿದಳು. ಕಾರ್ಡುಗಳನ್ನು ಲಕೋಟೆಗೆ ಹಾಕಿ ಇನ್‌ಸ್ಪೆಕ್ಟರನ ಸಹಿ ಮಾಡಿಸಿದಳು. ಹೊಸ ಕಾರ್ಡು ಹಾಕಿ, ತಮ್ಮ ಬಿಟ್ಟುಹೋದ ಕ್ಯಾಮೆರಾವನ್ನು ತಾನೇ ಹೋಗಿ ಮೇಜಿಗೆ ತಿರುಗಿಸಿದಳು.

ಮುದುಕ ಸುಟ್ಟ ಪುಸ್ತಕದ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದ. ಅವಳ ಹೆಜ್ಜೆ ಸದ್ದಿಗೆ ತಲೆ ಎತ್ತಿದ.

"ಕ್ಯಾಮೆರಾ ತಾಯಿ ಅಲ್ವಾ? ನನಗೆ ಕಾಣಲ್ಲ. ಇವರು ಯಾರು ಓದಿದ್ರೂ ನಂಬಿಕೆ ಬರಲ್ಲ. ನೀನೇ ಓದಿ ಹೇಳು."

ಅವಳು ಹಾಳೆ ತಿರುಗಿಸಿದಳು. ಒತ್ತಿ ಬರೆದ ಅಕ್ಷರ. "ಹಿಂಬಾಗಿಲಿನ ಕೀ. ಕೊಟ್ಟಿದ್ದು ಹತ್ತು ಇಪ್ಪತ್ತಕ್ಕೆ. ತಗೊಂಡವರ ಸಹಿ..." ಅಲ್ಲಿ ನಿಂತು, ತಮ್ಮನ ಹೆಸರನ್ನು ಎಲ್ಲರಿಗೂ ಕೇಳುವ ಹಾಗೆ ಓದಿದಳು.

"ಪಕ್ಕದ ಕಾಲಮ್ಮಿನಲ್ಲಿ? ವಾಪಸ್ ಕೊಟ್ಟ ಸಮಯ ಅಂತ ಗೀಟು ಹಾಕಿದೀನಲ್ಲ, ಅಲ್ಲಿ?"

"ಏನೂ ಇಲ್ಲ ಅಜ್ಜಾ. ಖಾಲಿ."

"ಹಾಂ," ಎಂದ ಮುದುಕ. "ಖಾಲಿ. ಅಷ್ಟನ್ನೇ ತಾಯಿ ನಾನು ಹೇಳ್ತಾ ಬಂದಿದ್ದು."